ಆಡಿದ ಮಾತನ್ನು ಹೊಳ್ಳಿ ಕೊಡಲು

ಧಾರವಾಡದಿಂದ ಬಿಜಾಪುರಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ಕಿಟಕಿ ಪಕ್ಕದ ಜಾಗ ಸಿಗುವುದು ಪುಣ್ಯವಂತರಿಗೆ. ನಾನು ಪುಣ್ಯವಂತಳೋ ಅಲ್ಲವೋ ಗೊತ್ತಿಲ್ಲ, ಜಗಳಗಂಟಿಯಂತೂ ಹೌದು, ಹಾಗಾಗಿ ಸಿಕ್ಕಿತು. ಸೀಟಿನ ಮೇಲೆ ಟವೆಲ್ ಒಗೆದು, ಕೆಳಗೆ ನಿಂತು ಚಹಾ ಕುಡಿಯುತ್ತಿದ್ದ ಗೃಹಸ್ಥರನ್ನು, "ಟವೆಲ್ಲಿಗೂ ಟಿಕೀಟ ತಗಸೀರೇನ್ರಿ?" ಎಂದು ಕೇಳಿದೆ. ಅವರು ನಕ್ಕು ಟವೆಲ್ ಎತ್ತಿಕೊಂಡರು. ನಮ್ಮ ಕಡೆಯ ಜಗಳಗಳು ಬಹುತೇಕ ಹೀಗೇ ಮುಗಿಯುತ್ತವೆ, ಶುರುವಾಗುವುದು ಮಾತ್ರ ಖೂನಿ ಆಗುವ ಹಾಗೆ.

ಸಂಕ್ರಾಂತಿ ಮುಗಿದ ಮರುವಾರ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು, ಬಿಜಾಪುರ ಇನ್ನೂ ಬಿಜಾಪುರವೇ ಆಗಿತ್ತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲ್ಲೂಕುಗಳಲ್ಲಿ ನಾಲ್ಕು ಸಣ್ಣ ಸಂಸ್ಥೆಗಳು ಒಂದೊಂದು ಹಳ್ಳಿಯಲ್ಲಿ ಹೆಣ್ಣುಮಕ್ಕಳಿಗಾಗಿ ಸಂಜೆ ಶಾಲೆ ನಡೆಸುತ್ತಿದ್ದವು. ಹಗಲು ಆಡು ಕಾಯುವ, ಕಳೆ ತೆಗೆಯುವ ಹುಡುಗಿಯರು ಸಂಜೆ ಬಂದು ಓದುತ್ತಿದ್ದರು. ದುಡ್ಡು ಬೆಂಗಳೂರಿನ ಒಂದು ಸಂಸ್ಥೆಯದು. ಈ ಶಾಲೆಗಳಿಂದ ಏನಾದರೂ ಆಗಿದೆಯೇ ಎಂದು ನೋಡಿ ಹೇಳುವ ಮೌಲ್ಯಮಾಪನದ ಕೆಲಸ ನನ್ನ ಪಾಲಿಗೆ ಬಂದಿತ್ತು. ಕಾಲೇಜಿನಲ್ಲಿ ಕನ್ನಡ ಕಲಿಸಿ ಸ್ವಂತ ಇಚ್ಛೆಯಿಂದ ನಿವೃತ್ತಿ ಪಡೆದವಳು ನಾನು. ಮನೆಯಲ್ಲಿ ಸುಮ್ಮನೆ ಕೂರುವ ಜಾಯಮಾನ ಅಲ್ಲ.

ನಾನು ಈ ಕೆಲಸ ಒಪ್ಪಿದ್ದು ಒಂದೇ ಷರತ್ತಿನ ಮೇಲೆ. ಸಾಮಾನ್ಯವಾಗಿ ಇಂಥ ವರದಿಗಳು ವರ್ಷ ಕಳೆದ ಮೇಲೆ ಬರುತ್ತವೆ. ಅಷ್ಟರಲ್ಲಿ ಶಾಲೆ ಮುಚ್ಚಿರುತ್ತದೆ, ಮಾಸ್ತರರು ಬೇರೆ ಕೆಲಸ ಹುಡುಕಿಕೊಂಡಿರುತ್ತಾರೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಅದಕ್ಕೆ ನಾನು, ತಾಯಂದಿರು ಆಡಿದ ಮಾತನ್ನು ಒಂದು ತಿಂಗಳೊಳಗೆ, ವರದಿ ಬರೆಯುವ ಮೊದಲೇ, ಶಾಲೆ ನಡೆಸುವವರಿಗೆ ತಿರುಗಿ, ನಮ್ಮ ಕಡೆಯ ಮಾತಿನಲ್ಲಿ ಹೊಳ್ಳಿ, ಕೊಡುತ್ತೇನೆ ಎಂದಿದ್ದೆ. ಯಾರು ಅಂದರು ಎಂಬುದು ಬೇಡ, ಏನು ಅಂದರು ಎಂಬುದಷ್ಟೇ ಸಾಕು. ತಿದ್ದಿಕೊಳ್ಳುವುದಿದ್ದರೆ ಈಗಲೇ ತಿದ್ದಿಕೊಳ್ಳಲಿ. ಬೆಂಗಳೂರಿನ ಅಧಿಕಾರಿ ಮೂರ್ತಿಯವರು, "ಒಳ್ಳೇ ಯೋಚನೆ ಮೇಡಂ" ಎಂದು ಒಪ್ಪಿದ್ದರು.

ಪಕ್ಕದಲ್ಲಿ ಕೂತಿದ್ದವಳು ಚಂದ್ರಿಕಾ. ನಂಜನಗೂಡಿನ ಕಡೆಯ ಹುಡುಗಿ, ಎಂ.ಎ. ಮುಗಿಸಿ ನನ್ನ ಜೊತೆ ಸೇರಿದ್ದಳು. ತಿಂಗಳ ಹಿಂದೆ ನಾಲ್ಕೂ ಊರಿಗೆ ಹೋಗಿ ತಾಯಂದಿರ ಜೊತೆ ಕೂತು ಮಾತು ಕೇಳಿ ಬರೆದುಕೊಂಡು ಬಂದವಳು ಅವಳೇ. ಕೆಲಸದಲ್ಲಿ ಬಹಳ ಚೊಕ್ಕ. ಬಾಗಲಕೋಟೆ ದಾಟಿದ ಮೇಲೆ ಮೆಲ್ಲಗೆ ಬಾಯಿಬಿಟ್ಟಳು.

"ಮೇಡಂ, ಮೂರ್ತಿ ಸರ್ ಫೋನ್ ಮಾಡಿದ್ರು. ಬರೋ ತಿಂಗಳಿಂದ ಮೂರು ಶಾಲೆಗೆ ಮಾತ್ರ ದುಡ್ಡು ಇದೆಯಂತೆ. ಮೊದಲ ಅಭಿಪ್ರಾಯ ಕಳಿಸಿ ಅಂದ್ರು. ಅರ್ಧ ಪುಟ ಫ್ಯಾಕ್ಸ್ ಮಾಡಿದೀನಿ."

"ಏನಂತ?"

"ಸಿಂದಗಿ ತುಂಬಾ ಚೆನ್ನಾಗಿದೆ, ದೂರೇ ಇಲ್ಲ ಅಂತ. ಇಂಡಿ, ಬಾಗೇವಾಡಿ ಪರವಾಗಿಲ್ಲ. ಮುದ್ದೇಬಿಹಾಳದ್ದೇ ಕಷ್ಟ ಮೇಡಂ. ಅಲ್ಲಿ ಕಲಿಸೋ ನೀಲವ್ವನ್ನ ತಾಯಂದಿರು ಬಾಯಿಗೆ ಬಂದ ಹಾಗೆ ಬೈತಾರೆ. ಒಂದು ಮರ್ಯಾದೆ ಇಲ್ಲ, ಎಲ್ಲ ಏಕವಚನ."

"ಏನೇನು ಬೈದಾರ, ಓದು."

ಅವಳು ಓದಿದಳು. 'ಸಂಜಿ ಆತಂದ್ರ ಬಾಗಲಾಗ ಬಂದು ನಿಂದರ್ತಾಳ, ಜೀವಾ ತಿಂತಾಳ.' 'ನನ್ನ ಮಗಳ ತಲಿ ಕೆಡಿಸಿ ಇಟ್ಟಾಳ, ರೊಟ್ಟಿ ಬಡಿಯೋ ಮುಂದನೂ ಪಾಟಿ ಬೇಕಂತಾಳ.' 'ಆಕಿ ಕಾಟಕ್ಕ ಸಾಕಾಗಿ ಹೋಗೇತಿ.' ಬಸ್ಸಿನಲ್ಲಿ ನಾನು ಎಷ್ಟು ಜೋರಾಗಿ ನಕ್ಕೆನೆಂದರೆ ಟವೆಲ್ಲಿನ ಗೃಹಸ್ಥರು ಹೊರಳಿ ನೋಡಿದರು. ಆದರೆ ನಗು ಬೇಗ ನಿಂತಿತು. ಮೂರ್ತಿಯವರು ಶುಕ್ರವಾರ ಬಾಗೇವಾಡಿಗೆ ಬರುವವರಿದ್ದರು, ನಾಲ್ಕೂ ಸಂಸ್ಥೆಗಳವರನ್ನು ಕೂಡಿಸಿ ಯಾವ ಶಾಲೆ ಮುಚ್ಚುತ್ತದೆ ಎಂದು ಹೇಳುವವರಿದ್ದರು. ಮುದ್ದೇಬಿಹಾಳದ ಹುಡುಗಿಯರು ಬರುವ ಮಾರ್ಚಿಯಲ್ಲಿ ಏಳನೇ ಇಯತ್ತೆಯ ಪರೀಕ್ಷೆಗೆ ಕೂರಬೇಕಿತ್ತು. ಈಗ ಶಾಲೆ ನಿಂತರೆ ಅವರ ಓದು ಅಲ್ಲಿಗೇ ಮುಗಿಯುತ್ತಿತ್ತು. ಹುಡುಗಿಯೊಬ್ಬಳ ಕೈಗೆ ಒಮ್ಮೆ ಪೂರ್ತಿ ಕುಡುಗೋಲು ಬಂತೆಂದರೆ ಮತ್ತೆ ಪಾಟಿ-ಬಳಪ ಬರುವುದಿಲ್ಲ. ನನಗೆ ಸಿಟ್ಟು ಬಂತು. ಚಂದ್ರಿಕಾಳ ಮೇಲೆ ಸ್ವಲ್ಪ, ಫ್ಯಾಕ್ಸ್ ಯಂತ್ರದ ಮೇಲೆ ಬಹಳ.

"ಇವು ಬೈಗುಳ ಅಲ್ಲ," ಎಂದೆ.

"ಮತ್ತೇನು ಮೇಡಂ?"

"ನಾ ಹೇಳಿದ್ರ ನೀ ನಂಬಬೇಕು, ಮೂರ್ತಿಯವರು ನಂಬಬೇಕಾಗಿಲ್ಲ. ಹಾದಿಮ್ಯಾಲ ಮಂದೀನೇ ಹೇಳ್ತಾರ, ಕೇಳಿಸ್ಕೋ."

ಕೊಲ್ಹಾರದ ಸೇತುವೆಯ ಹತ್ತಿರ ಬಸ್ಸು ನಿಂತಾಗ ಕುಡಿಕೆಯ ಮೊಸರು ಬಂತು. ಕುಡಿಕೆ ಬೋರಲು ಹಾಕಿದರೂ ಬೀಳದ ಗಟ್ಟಿ ಮೊಸರು. ಚಂದ್ರಿಕಾ ಅದನ್ನು ತಿನ್ನುವಾಗಲೂ ಮುಖ ಗಂಟು ಹಾಕಿಕೊಂಡೇ ಇದ್ದಳು.

ರಾತ್ರಿ ಬಿಜಾಪುರದಲ್ಲಿ ತಂಗಿ, ಮರುದಿನ ಸೊಲ್ಲಾಪುರದ ಕಡೆ ಹೋಗುವ ಮೀಟರ್ ಗೇಜ್ ಪ್ಯಾಸೆಂಜರ್ ಹಿಡಿದೆವು. ಬಸ್ಸಿಗಿಂತ ಅಗ್ಗ, ನಡಿಗೆಗಿಂತ ಸ್ವಲ್ಪ ಜೋರು. ಮಿಂಚನಾಳ, ನಿಂಬಾಳ ದಾಟಿ ಇಂಡಿ ರೋಡಿನಲ್ಲಿ ಇಳಿದಾಗ ಚಳಿಗೆ ಹಲ್ಲು ಕಟಕಟ ಎನ್ನುತ್ತಿತ್ತು. ಸ್ಟೇಷನ್ನು ಇಂಡಿಯ ಹೆಸರು ಹೊತ್ತಿದೆ, ಊರು ಮಾತ್ರ ದೂರ. ಟೆಂಪೋದವನು ತಲೆಗೆ ಐದು ರೂಪಾಯಿ ಕೇಳಿದ, ಕೊಟ್ಟೆವು. ಹಾದಿಯ ಎರಡೂ ಕಡೆ ನಿಂಬೆಯ ತೋಟಗಳು, ಅವುಗಳಾಚೆ ತೆನೆ ಬಿಟ್ಟ ಬಿಳಿಜೋಳ.

ಇಂಡಿಯ ಸಂಸ್ಥೆ ನಡೆಸುವವರು ಶಾಂತಾಬಾಯಿ. ಅರವತ್ತು ದಾಟಿದ ಹೆಂಗಸು, ನಿಂಬೆ ತೋಟದ ಒಡತಿ, ದೊಡ್ಡ ಕುಂಕುಮ, ದೊಡ್ಡ ದನಿ. ಅಂಥ ಚಳಿಯಲ್ಲೂ ಮೊದಲು ಶರಬತ್ತು ಕೊಟ್ಟರು. "ಇಂಡಿಗಿ ಬಂದು ಲಿಂಬಿ ಶರಬತ್ತು ಬ್ಯಾಡ ಅಂದ್ರ ಗಿಡಗೋಳು ಸಿಟ್ಟಾಗ್ತಾವು," ಎಂದರು. ಆಮೇಲೆ ಅವರದೇ ಜೀಪಿನಲ್ಲಿ ಅಗರಖೇಡದ ಹಾದಿಯ ಹಳ್ಳಿಗೆ ಹೋದೆವು.

ಗುಡಿಯ ಕಟ್ಟೆಯ ಮೇಲೆ ತಾಯಂದಿರೂ ಶಾಂತಾಬಾಯಿಯೂ ಒಟ್ಟಿಗೆ ಕೂತರು. ಆ ತಾಯಂದಿರೇ ಹಿಂದಿನ ತಿಂಗಳು ಆಡಿದ ಮಾತನ್ನು ಹೆಸರಿಲ್ಲದೆ ಓದಿದೆ. 'ಸಾಲಿ ಹೊತ್ತು, ಎಮ್ಮಿ ಹಿಂಡೋ ಹೊತ್ತು ಎರಡೂ ಒಂದಾಗೇತಿ. ಹುಡುಗಿ ಸಾಲಿಗಿ ಹೋದ್ರ ಎಮ್ಮಿ ತೊರಿಯಂಗಿಲ್ಲ.' ಕೂತವರೆಲ್ಲ ತಲೆಯಾಡಿಸಿದರು. ಆ ಮನೆಗಳ ಎಮ್ಮೆಗಳು ಹುಡುಗಿಯರ ಕೈಗೆ ಹೊಂದಿಕೊಂಡಿದ್ದವು, ಬೇರೆಯವರು ಕೂತರೆ ಹಾಲು ಇಳಿಸುತ್ತಿರಲಿಲ್ಲ. ಶಾಂತಾಬಾಯಿ ಹಣೆ ಚಚ್ಚಿಕೊಂಡರು. "ವರ್ಷಾತು, ಹುಡುಗ್ಯಾರು ಯಾಕ ತಡಾ ಮಾಡಿ ಬರ್ತಾರ ಅಂತ ನಾ ಬೈಕೋತ ಬಂದೇನಿ. ಬಾಯಿ ಸತ್ತಿತ್ತೇನ ನಿಮ್ಮದು?" ಎಂದು ತಾಯಂದಿರನ್ನು ಗದರಿಸಿ, ಅಲ್ಲೇ ಆಗಲೇ ಶಾಲೆಯ ಹೊತ್ತನ್ನು ಹಾಲು ಹಿಂಡಿ ಮುಗಿದ ಮೇಲಕ್ಕೆ ಸರಿಸಿದರು. ವರದಿಗಾಗಿ ಕಾದಿದ್ದರೆ ಇನ್ನೊಂದು ವರ್ಷ ಎಮ್ಮೆಗಳೇ ಗೆಲ್ಲುತ್ತಿದ್ದವು. ನನಗೆ ಆ ದಿನ ನನ್ನ ಬಗ್ಗೆಯೇ ಬಹಳ ಹೆಮ್ಮೆಯಾಯಿತು, ಮುಚ್ಚಿಡುವುದೇಕೆ.

ಆಮೇಲೆ, "ಇನ್ನೊಂದ ಊರಿನ ಮಾತು ಓದ್ತೇನಿ, ಅಲ್ಲಿ ಕಲಿಸಾಕಿ ಹ್ಯಾಂಗದಾಳ ಹೇಳ್ರಿ," ಎಂದು ಮುದ್ದೇಬಿಹಾಳದ ಮಾತುಗಳನ್ನು ಊರ ಹೆಸರು ಹೇಳದೆ ಓದಿದೆ. ಜೀವ ತಿನ್ನುವುದು ಮುಗಿದು ತಲೆ ಕೆಡಿಸುವುದಕ್ಕೆ ಬರುವಷ್ಟರಲ್ಲಿ ನಗು ಶುರುವಾಗಿತ್ತು. ಒಬ್ಬ ಮುದುಕಿ ಸೆರಗು ಬಾಯಿಗೆ ಒತ್ತಿಕೊಂಡು, "ಯಾರ ಮನಿ ಸೊಸಿರೀ ಆಕಿ? ನಮ್ಮೂರಿಗಿ ಕಳಸ್ರಿ," ಎಂದಳು.

ಚಂದ್ರಿಕಾ ತಡೆಯಲಾರದೆ ಕೇಳಿಯೇಬಿಟ್ಟಳು. "ಆದ್ರೆ ಅವಳು, ತಿಂತಾಳೆ, ಬರ್ತಾಳೆ ಅಂತೆಲ್ಲ ಅಂದಿದಾರಲ್ಲ? ಅದು ತಾತ್ಸಾರ ಅಲ್ವಾ?"

ಶಾಂತಾಬಾಯಿ ಅವಳ ಬೆನ್ನ ಮೇಲೆ ಕೈಯಿಟ್ಟರು. "ತಂಗೀ, ನಿಮ್ಮವ್ವಗ ನೀ ಏನಂತಿ? ಅವ್ವ ಬಂದಳು ಅಂತಿಯೋ, ಬಂದರು ಅಂತಿಯೋ?"

"ಬಂದಳು ಅಂತೀನಿ."

"ದೇವಿ ಎಲ್ಲವ್ವಗೂ ಹಂಗ ಅಂತೇವಿ. ಬಂದರು ಅನ್ನೂದು ಬೀಗರಿಗಿ. ಬೀಗರು ಊಟಾ ಮಾಡಿ ಹೋಗಿ ಬಿಡ್ತಾರವಾ, ಅವ್ವ ಮನ್ಯಾಗಿರ್ತಾಳ."

ಅಂದು ಮಧ್ಯಾಹ್ನ ಶಾಂತಾಬಾಯಿಯ ಮನೆಯಲ್ಲಿ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಊಟ. ನಾನು ಮೂರು ರೊಟ್ಟಿ ತಿಂದೆ, ಚಂದ್ರಿಕಾ ಅರ್ಧ ಮುರಿದು ಕೂತಳು.

ಬುಧವಾರ ಆಲಮೇಲದ ಮೇಲೆ ಸಿಂದಗಿಗೆ ಹೋಗುವ ಬಸ್ಸು ಹಿಡಿದೆವು. ಹಾದಿ ಕೆಟ್ಟಿತ್ತು, ಬಸ್ಸು ಅದಕ್ಕಿಂತ. ಸಿಂದಗಿಯ ಸಂಸ್ಥೆ, ಶಾಲೆ ಎರಡನ್ನೂ ಒಬ್ಬರೇ ಮಾಸ್ತರರು ನಡೆಸುತ್ತಿದ್ದರು. ನೀಟಾದ ಧೋತರ, ಬಿಳಿ ಅಂಗಿ, ಕಿಸೆಯಲ್ಲಿ ಎರಡು ಪೆನ್ನು. ಅವರ ಹಳ್ಳಿಯ ಶಾಲೆಯ ಗೋಡೆಗೆ ಸುಣ್ಣ, ಹಲಗೆಗೆ ಹೊಸ ಬಣ್ಣ, ಬಾಗಿಲಲ್ಲಿ ರಂಗೋಲಿ. ಆ ಊರಿನ ಮಾತುಗಳನ್ನು ಬಸ್ಸಿನಲ್ಲೇ ಓದಿದ್ದೆ. ಎಲ್ಲವೂ ಒಂದೇ ಅಚ್ಚಿನವು: 'ಮಾಸ್ತರ್ರು ಭಾಳ ಛಲೋ ಅದಾರ್ರಿ. ಏನೂ ಅಡ್ಡಿಯಿಲ್ರಿ.'

ಬಂದ ತಾಯಂದಿರು ಕೆಲವೇ ಮಂದಿ. ಮತ್ತೆ ಅದನ್ನೇ ಅಂದರು. ನಾನು ಸುಮ್ಮನಿರಲಿಲ್ಲ.

"ಮಾಸ್ತರ್ರು ನಿಮ್ಮ ಮನಿಗಿ ಎಂದಾದ್ರೂ ಬಂದಾರೇನ್ರಿ?"

"ಅಯ್ಯ, ಅವರ್ಯಾಕ ಬರ್ತಾರ್ರಿ? ದೊಡ್ಡವರು."

"ಮಗಳು ಸಾಲ್ಯಾಗ ಏನ ಕಲತಾಳ?"

ಆಕೆ ಪಕ್ಕದವಳ ಮುಖ ನೋಡಿದಳು, ಪಕ್ಕದವಳು ಮಾಸ್ತರರ ಮುಖ ನೋಡಿದಳು. "ಛಲೋ ಕಲಸ್ತಾರ್ರಿ," ಎಂದಳು. ಸಂಜೆ ಶಾಲೆ ಶುರುವಾದಾಗ ಹೊಸ ಹಲಗೆಯ ಮುಂದೆ ಬೆರಳೆಣಿಕೆಯ ಹುಡುಗಿಯರು ಕೂತಿದ್ದರು. ಅವರಲ್ಲಿ ಇಬ್ಬರು ಮಾಸ್ತರರ ಸ್ವಂತ ಅಣ್ಣನ ಮಕ್ಕಳು.

ಹೇಳುವುದು ನನ್ನ ಕೆಲಸ. ಸಿಹಿಯನ್ನಷ್ಟೇ ಹಂಚುವುದಾದರೆ ಪೇಢೆ ಅಂಗಡಿ ಇಡಬೇಕು. ಮಾಸ್ತರರನ್ನು ಹೊರಗೆ ಬೇವಿನ ಮರದ ಕೆಳಗೆ ಕರೆದು, ಇದ್ದುದನ್ನು ಇದ್ದ ಹಾಗೆ ಹೇಳಿದೆ. ಊರು ನಿಮಗೆ ಮರ್ಯಾದೆ ಕೊಡುತ್ತದೆ, ಮಕ್ಕಳನ್ನು ಕೊಟ್ಟಿಲ್ಲ ಎಂದೆ. ಅವರು ಪೆನ್ನಿನ ಮುಚ್ಚಳ ತಿರುಗಿಸತೊಡಗಿದರು.

"ಬೈದಾರ ಅಂದಿದ್ರ ತಡ್ಕೋತಿದ್ದೆ ಬಾಯಾರ," ಎಂದರು. "ಛಲೋ ಅಂದಾರಲ್ಲ, ಇದು ತಡ್ಕೊಳ್ಳಾಕ ಆಗವಲ್ದು." ಪೆನ್ನು ಕಿಸೆಗಿಟ್ಟು, "ಅಲ್ರಿ, ನನ್ನ ಬೈಬೇಕಂದ್ರ ನಾ ಏನ ಮಾಡಬೇಕ್ರಿ?" ಎಂದು ಕೇಳಿದರು. ತಮಾಷೆಗಲ್ಲ, ನಿಜವಾಗಿಯೇ.

"ಹೊತ್ತು ಮುಳುಗೋ ಮುಂದ ಅವರ ಬಾಗಲಾಗ ಹೋಗಿ ನಿಂದರ್ರಿ. ತಾನ ಬೈತಾರ."

ಮಾಸ್ತರರು ನಕ್ಕರು, ಕಣ್ಣಲ್ಲಿ ನೀರಿತ್ತು. ಅವರು ಒಳ್ಳೆಯ ಮನುಷ್ಯರು. ಯಾರೂ ಹೇಳಿರಲಿಲ್ಲ, ಅಷ್ಟೇ. ನಮ್ಮನ್ನು ಬಸ್ಸಿಗೆ ಹತ್ತಿಸಿದಾಗ ಚಂದ್ರಿಕಾ, "ನನ್ನ ಫ್ಯಾಕ್ಸ್ ಎಲ್ಲ ಉಲ್ಟಾ ಆಯ್ತು ಮೇಡಂ," ಎಂದಳು. "ಹೌದು," ಎಂದೆ. ಸಮಾಧಾನ ಹೇಳುವ ಕಲೆ ನನಗೆ ಅಷ್ಟಾಗಿ ಬಾರದು.

ಗುರುವಾರ ತಾಳಿಕೋಟಿಯ ಮೇಲೆ ಮುದ್ದೇಬಿಹಾಳದ ಹಾದಿ. ಡೋಣಿ ಹರಿದರೆ ಓಣಿಯೆಲ್ಲ ಜೋಳ ಎಂಬ ಮಾತು ಆ ಎರೆಹೊಲಗಳನ್ನು ನೋಡಿದರೆ ಗೊತ್ತಾಗುತ್ತದೆ. ಡೋಣಿ ಹೊಳೆ ಆಗ ಸಣ್ಣಗೆ ಹರಿಯುತ್ತಿತ್ತು, ನೀರು ಉಪ್ಪು, ಮಣ್ಣು ಬಂಗಾರ. ಹೊಲದ ಬದುವಿನಲ್ಲಿ ಹಸಿ ಜೋಳದ ತೆನೆ ಸುಟ್ಟು ಸೀತನಿ ಉದುರಿಸುತ್ತಿದ್ದವರು ಬಸ್ಸು ನಿಂತಾಗ ನಮಗೂ ಬೊಗಸೆ ತುಂಬ ಕೊಟ್ಟರು. ಬಿಸಿಯಾಗಿತ್ತು, ಸಿಹಿಯಾಗಿತ್ತು. ಆ ಪ್ರವಾಸದಲ್ಲಿ ತಿಂದದ್ದರಲ್ಲೆಲ್ಲ ನೆನಪಿನಲ್ಲಿ ಉಳಿದದ್ದು ಅದೇ.

ಮುದ್ದೇಬಿಹಾಳದ ಸಂಸ್ಥೆಯ ಕಾರ್ಯದರ್ಶಿ ಗುರುಪಾದಪ್ಪನವರು ಬಸ್ ನಿಲ್ದಾಣದಲ್ಲೇ ಕಾಯುತ್ತಿದ್ದರು. ಮುಖ ಬಾಡಿತ್ತು. ಬೆಂಗಳೂರಿನಿಂದ ಅವರಿಗೆ ಫೋನು ಬಂದಿತ್ತು. ನಿಮ್ಮ ಶಿಕ್ಷಕಿಯ ಮೇಲೆ ಬಹಳ ದೂರಿದೆ ಎಂದಿದ್ದರಂತೆ, ಮತ್ತು ಇವರು ಆ ಮಾತುಗಳನ್ನೆಲ್ಲ ಒಂದಕ್ಷರ ಬಿಡದೆ ನೀಲವ್ವನಿಗೆ ಹೇಳಿಬಿಟ್ಟಿದ್ದರು.

"ನಿಮಗೂ ತಿಳೀಲಿಲ್ಲೇನ್ರಿ?" ಎಂದು ಕೇಳಿದೆ. "ನೀವು ಇದೇ ಊರವರು."

"ಬಾಯಿಲೆ ಅಂದಿದ್ರ ತಿಳೀತಿತ್ರಿ ಬಾಯಾರ. ಬೆಂಗಳೂರಿಂದ ಇಂಗ್ಲೀಷಿನ್ಯಾಗ ಬಂತು. ಇಂಗ್ಲೀಷಿನ್ಯಾಗ ಬಂದಿದ್ದು ಸುಳ್ಳ ಹ್ಯಾಂಗ ಆಗತೈತಿ?"

ಹಳ್ಳಿ ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ದನ ಮನೆಗೆ ಬಂದಿದ್ದವು, ಒಲೆ ಹೊಗೆಯಾಡುತ್ತಿದ್ದವು. ಒಂದು ವಿಚಿತ್ರ ಕಂಡೆವು. ಓಣಿಯ ಉದ್ದಕ್ಕೂ ಹೆಂಗಸರು ಬಾಗಿಲಲ್ಲಿ ನಿಂತಿದ್ದರು, ಹಿಂದೆ ತಲೆ ಬಾಚಿಕೊಂಡ ಹುಡುಗಿಯರು. ಎಲ್ಲರ ಕಣ್ಣೂ ಓಣಿಯ ತುದಿಗೆ. ನೀಲವ್ವ ಇವತ್ತು ಬಂದಿರಲಿಲ್ಲ. ಕರೆಯದೆ ಹೋಗುವ ರೂಢಿ ಆ ಮನೆಗಳಲ್ಲಿ ಇರಲಿಲ್ಲ. ದಿನಾ ಆಕೆ ಬಂದು ಬಾಗಿಲಲ್ಲಿ ನಿಲ್ಲಬೇಕು, ತಾಯಿ ನಾಲ್ಕು ಮಾತು ಬೈಯಬೇಕು, ಆಮೇಲೆ ಹುಡುಗಿ ಹೊರಡಬೇಕು. ಸಂಗವ್ವ ಎಂಬ ಗಟ್ಟಿಮುಟ್ಟು ಹೆಂಗಸು ಗುರುಪಾದಪ್ಪನವರನ್ನು ಕಂಡದ್ದೇ, "ಅಣ್ಣಾರ, ಎಲ್ಲಿ ಹಾಳಾಗಿ ಹೋಗ್ಯಾಳ್ರಿ ಅಕಿ? ಹೊತ್ತು ಮುಳಗಾಕತ್ತೇತಿ," ಎಂದು ಕೂಗಿದಳು.

ನೀಲವ್ವ ಮನೆಯೊಳಗೆ ಜೋಳ ಹಸನು ಮಾಡುತ್ತ ಕೂತಿದ್ದಳು. ಇಪ್ಪತ್ತೈದರ ಆಸುಪಾಸು, ಮ್ಯಾಟ್ರಿಕ್ ಪಾಸಾದವಳು, ಆ ಊರಿನ ಸೊಸೆ. ಮೊರದಿಂದ ಕಣ್ಣು ಎತ್ತಲಿಲ್ಲ.

"ದಿನಾ ಬೈತಾರ್ರಿ, ನಾ ನಕ್ಕೋತ ಬರತಿದ್ದೆ," ಎಂದಳು. "ಬಾಯಿಲೆ ಬೈದ್ರ ಹೊತ್ತು ಮುಳುಗೂದ್ರಾಗ ಹೋಗತೈತಿ. ಹಾಳ್ಯಾಗ ಬರಸ್ಯಾರ ಅಂದ್ರ ಮನಸಿಲೆ ಅಂದಾರ. ಅವರಿಗಿ ಬ್ಯಾಡಾದ ಮ್ಯಾಲ ನಾ ಯಾಕ ಬಾಗಲಾ ಕಾಯಲಿ?"

ಚಂದ್ರಿಕಾ ಅವಳ ಮುಂದೆ ನೆಲದ ಮೇಲೆ ಕೂತಳು. "ಅವರು ಬರೆಸಲಿಲ್ಲ ಅಕ್ಕಾ. ನಾನು ಬರ್ಕೊಂಡೆ. ನನಗೆ ನಿಮ್ಮ ಕಡೆ ಮಾತು ತಿಳೀಲಿಲ್ಲ," ಎಂದಳು. ನಾನು ಇಂಡಿಯ ಕಟ್ಟೆಯ ಮೇಲೆ ನಕ್ಕವರ ಕಥೆ ಹೇಳಿದೆ, ಆ ಮುದುಕಿ ನಿನ್ನನ್ನು ತಮ್ಮೂರಿಗೆ ಕರೆದಿದ್ದಾಳೆ ಎಂದೆ. ನೀಲವ್ವ ಕೇಳಿಸಿಕೊಂಡಳು, ಮೊರ ಮಾತ್ರ ಕೆಳಗಿಡಲಿಲ್ಲ.

"ನೀವು ಹೇಳಿದ್ರ ಏನಾತ್ರಿ? ಅಂದವರು ಅವರು," ಎಂದಳು.

ಅದು ನ್ಯಾಯವಾದ ಮಾತಾಗಿತ್ತು. ಅಂದು ಶಾಲೆ ನಡೆಯಲಿಲ್ಲ. ನಾವು ಹೊರಗೆ ಬರುವಷ್ಟರಲ್ಲಿ ಗುರುಪಾದಪ್ಪನವರು ಓಣಿಯಲ್ಲಿ ಸಭೆ ಸೇರಿಸಿದ್ದರು. ನಿಮ್ಮ ಮಾತಿನಿಂದ ಶಾಲೆ ಮುಚ್ಚುತ್ತದೆ, ನಾಳೆ ಬಾಗೇವಾಡಿಗೆ ಬಂದು ಬೆಂಗಳೂರಿನವರ ಮುಂದೆ ನೀವೇ ಹೇಳಿರಿ ಎನ್ನುತ್ತಿದ್ದರು. ಒಳ್ಳೆಯದೇ ಅಂದುಕೊಂಡೆ. ಆದರೆ ಅವರು ಅಷ್ಟಕ್ಕೇ ನಿಲ್ಲಿಸಲಿಲ್ಲ. "ಮರ್ಯಾದಿಲೆ ಮಾತಾಡ್ರಿ, ಬಾಯಿಗಿ ಬಂದಂಗ ಅನಬ್ಯಾಡ್ರಿ," ಎಂದು ಎರಡೆರಡು ಸಲ ತಾಕೀತು ಮಾಡಿದರು. "ಹಂಗ ಹೇಳಬ್ಯಾಡ್ರಿ, ತಮ್ಮಂಗ ತಾವು ಮಾತಾಡ್ಲಿ," ಎಂದೆ. ಅವರು ಹೂಂ ಎಂದರು. ಹೂಂ ಎನ್ನುವುದರಲ್ಲಿ ಕಾರ್ಯದರ್ಶಿಗಳು ಎಲ್ಲ ಊರಿನಲ್ಲೂ ನಿಸ್ಸೀಮರು.

ಶುಕ್ರವಾರ ಬೆಳಗಿನ ಬಸ್ಸಿಗೆ ಬಸವನ ಬಾಗೇವಾಡಿಗೆ ಹೋದೆವು. ನಲವತ್ತು ಚಿಲ್ಲರೆ ಕಿಲೋಮೀಟರು ಇರಬೇಕು, ಸೂರ್ಯಕಾಂತಿಯ ಹೊಲಗಳ ನಡುವೆ. ಬಾಗೇವಾಡಿಯ ಸಂಸ್ಥೆಯ ಕಚೇರಿಯ ಅಂಗಳದಲ್ಲಿ ಜಮಖಾನೆ ಹಾಸಿದ್ದರು. ಮೂರ್ತಿಯವರು ಕಿವಿಗೆ ಮಫ್ಲರ್ ಸುತ್ತಿಕೊಂಡು ಕೂತು ಅವಲಕ್ಕಿ ತಿನ್ನುತ್ತಿದ್ದರು. ಸೌಮ್ಯ ಮನುಷ್ಯ, ಯಾರ ಮೇಲೂ ದನಿ ಎತ್ತಿದವರಲ್ಲ. ಇಂಡಿಯಿಂದ ಶಾಂತಾಬಾಯಿ, ಸಿಂದಗಿಯಿಂದ ಮಾಸ್ತರರು ಬಂದಿದ್ದರು. ಸ್ವಲ್ಪ ಹೊತ್ತಿಗೆ ಒಂದು ಟ್ರ್ಯಾಕ್ಸ್ ಜೀಪು ಬಂದು ನಿಂತು, ಅದರೊಳಗಿಂದ ನಂಬಲಾರದಷ್ಟು ಹೆಂಗಸರು ಇಳಿದರು. ಎಲ್ಲರೂ ಮದುವೆಗೆ ಉಡುವ ಇಳಕಲ್ ಸೀರೆಗಳಲ್ಲಿದ್ದರು. ಕೊನೆಗೆ ನೀಲವ್ವ ಇಳಿದಳು. ಬಲವಂತಕ್ಕೆ ಬಂದವಳ ನಡಿಗೆ ದೂರದಿಂದಲೇ ತಿಳಿಯುತ್ತದೆ. ಗುಂಪಿನಿಂದ ಬೇರೆಯಾಗಿ, ಬಾಗಿಲ ಹತ್ತಿರ ಒಬ್ಬಳೇ ಕೂತಳು.

ಮೊದಲು ಬಾಗೇವಾಡಿಯವರ ಮಾತು ಮುಗಿಯಿತು. ಅಲ್ಲಿಯ ತಾಯಂದಿರು ಕಂದೀಲಿನ ಹೊಗೆಗೆ ಹುಡುಗಿಯರ ಕಣ್ಣು ಉರಿಯುತ್ತದೆ ಎಂದಿದ್ದರು, ಸಂಸ್ಥೆಯವರು ಅಲ್ಲೇ ಬೇರೆ ದೀಪ ತರಿಸಲು ಒಪ್ಪಿದರು. ಆಮೇಲೆ ಗುರುಪಾದಪ್ಪನವರು ಸಂಗವ್ವನ ಕಡೆ ಸನ್ನೆ ಮಾಡಿದರು.

ಸಂಗವ್ವ ಎದ್ದು ನಿಂತಳು. ಸೆರಗು ಸರಿಮಾಡಿಕೊಂಡು, ಕೈಮುಗಿದು, ಒಪ್ಪಿಸುವ ದನಿಯಲ್ಲಿ ಶುರು ಮಾಡಿದಳು. "ನೀಲವ್ವನವರು ಭಾಳ ಛಲೋ ಅದಾರ್ರಿ. ದಿನಾ ಬರ್ತಾರ್ರಿ. ಛಲೋ ಹೇಳಿ ಕೊಡ್ತಾರ್ರಿ. ಅವರಿಂದ ನಮಗ ಏನೂ ಅಡ್ಡಿಯಿಲ್ರಿ."

ಇದು ಸಿಂದಗಿಯ ಮಾತು, ಅಕ್ಷರಶಃ. ಮೂರ್ತಿಯವರ ಮುಖ ಅರಳಿತು, ಅವರು ತಲೆಯಾಡಿಸುತ್ತ ಬರೆದುಕೊಳ್ಳತೊಡಗಿದರು. ಸಿಂದಗಿಯ ಮಾಸ್ತರರು ತಲೆ ತಗ್ಗಿಸಿದರು. ಎರಡನೆಯವಳು ಎದ್ದು ಅದನ್ನೇ ಹೇಳಿದಳು, ಇನ್ನೂ ಎರಡು 'ರೀ' ಸೇರಿಸಿ. ಮೂರನೆಯವಳು ಏಳುವಷ್ಟರಲ್ಲಿ ಬಾಗಿಲ ಹತ್ತಿರದಿಂದ ನೀಲವ್ವ ಎದ್ದಳು.

"ಅತ್ತೀ," ಎಂದಳು ಸಂಗವ್ವನಿಗೆ, ಊರ ಸೊಸೆ ಓಣಿಯ ಹಿರಿಯಳನ್ನು ಕರೆಯುವ ಹಾಗೆ. "ಅಂಥಾದ್ದು ನಾ ಏನ ತಪ್ಪ ಮಾಡೀನಿ? ಬೈದಿದ್ದಿ, ತಡ್ಕ್ವಂಡೆ. ಇವತ್ತ ಮಂದಿ ಮುಂದ ನನ್ನ ಪೂರಾ ಹೊರಗಿನಾಕಿನ್ನ ಮಾಡಿದ್ಯಲ್ಲ?"

ಸಂಗವ್ವನ ಮುಗಿದ ಕೈ ಹಾಗೇ ಎದೆಯ ಮುಂದೆ ನಿಂತಿತ್ತು. ಆಮೇಲೆ ಅದು ಬಿಚ್ಚಿತು, ಬಾಯಿಯೂ ಬಿಚ್ಚಿತು.

"ಅಯ್ಯ ಖೋಡೀ! ನಿನ್ನ ಸಲುವಾಗಿ ಮುಂಜಾನಿಂದ ನಾಲಿಗಿ ತಿರುವಿ ತಿರುವಿ ಇದನ್ನ ಬಾಯಿಪಾಠ ಮಾಡೇನಿ, ನೀ ನನಗ ಕೇಳ್ತಿ? ನಿನ್ನಿ ಸಂಜಿ ಎಲ್ಲಿ ಹೋಗಿದ್ದಿ? ನನ್ನ ಮಗಳು ಹೊಸ್ತಲದಾಗ ಕುಂತು ಅತ್ತಾಳ, ರೊಟ್ಟಿ ಮುಟ್ಟಿಲ್ಲ. ಅವ್ವ ನೀನ ಓಡಿಸಿದಿ ಅಕಿನ್ನ ಅಂತ ನನಗ ಅಂತಾಳ! ಮಾರ್ಚಿಗಿ ಪರೀಕ್ಷಾ ಇಟಗೊಂಡು ಮನ್ಯಾಗ ಕುಂದರ್ತಿಯೇನ? ನಾಚಿಕಿ ಆಗೂದಿಲ್ಲ?"

ಬೈಯುತ್ತಲೇ ಅವಳು ಅತ್ತಳು. ನೀಲವ್ವನೂ ಅತ್ತಳು, ಅಳುತ್ತ ನಕ್ಕಳು. ಉಳಿದ ಹೆಂಗಸರೆಲ್ಲ ಒಟ್ಟಿಗೆ ಬಾಯಿ ಹಾಕಿದರು. ನನ್ನ ಮಗಳೂ ಅತ್ತಳು, ನನ್ನ ಮಗಳು ಪಾಟಿ ಒಗೆದಳು, ನೀ ಬರದಿದ್ದರೆ ನಾವೇ ಬಂದು ಎಳೆದು ತರುತ್ತಿದ್ದೆವು. ಯಾರೂ ಬಹುವಚನದ ಗೊಡವೆಗೆ ಹೋಗಲಿಲ್ಲ. ಗುರುಪಾದಪ್ಪನವರು ತಲೆಯ ಮೇಲೆ ಕೈಹೊತ್ತು ಕೂತರು.

ಮೂರ್ತಿಯವರು ಪೆನ್ನು ಕೆಳಗಿಟ್ಟು, ಮಫ್ಲರ್ ಬಿಚ್ಚಿ, ಗದ್ದಲ ಇಳಿಯುವ ತನಕ ಕೂತಿದ್ದರು. ಆಮೇಲೆ ಚಂದ್ರಿಕಾಳನ್ನು ಕೇಳಿದರು. "ಇದನ್ನ ಹೇಗಮ್ಮಾ ಬರೆಯೋದು?"

"ಅವರು ಅಂದ ಹಾಗೇ ಬರೀಬೇಕು ಸರ್," ಎಂದಳು ಅವಳು. "ಮೊದಲನೇ ಸಲ ನಾನು ಅಂದ ಹಾಗೇ ಬರೆದಿದ್ದೆ. ಅಂದೋರ ಮುಖ ನೋಡದೆ ಬರೆದಿದ್ದೆ." ನನಗೆ ಅವಳ ಮೇಲಿದ್ದ ಸಿಟ್ಟೆಲ್ಲ ಆ ಕ್ಷಣವೇ ಇಳಿಯಿತು.

ಮುದ್ದೇಬಿಹಾಳದ ಶಾಲೆ ನಡೆಯುತ್ತದೆ ಎಂದು ಮೂರ್ತಿಯವರು ಅಲ್ಲೇ ಹೇಳಿದರು. ಹಾಗಾದರೆ ನಿಲ್ಲುವುದು ಸಿಂದಗಿಯದೇ ಎಂದು ಮಾಸ್ತರರು ಎದ್ದು ನಿಂತರು. ನಾನು ಬಿಡಲಿಲ್ಲ. ಮಾತನ್ನು ಬೇಗ ಹೊಳ್ಳಿ ಕೊಡುವುದು ತಿದ್ದಿಕೊಳ್ಳಲಿ ಎಂದು, ತಲೆ ತೆಗೆಯಲಿ ಎಂದಲ್ಲ. ಅದಕ್ಕೇ ಆಗಿದ್ದರೆ ನಾನು ಮನೆಯಲ್ಲಿ ಕೂತು ವರದಿ ಬರೆಯುತ್ತಿದ್ದೆ ಎಂದೆ. ದನಿ ಸ್ವಲ್ಪ ಏರಿತ್ತು ಎಂದು ಚಂದ್ರಿಕಾ ಆಮೇಲೆ ಹೇಳಿದಳು. ಶಾಂತಾಬಾಯಿಯೂ ನನ್ನ ಜೊತೆ ಕೂಡಿದರು, ನಮ್ಮಿಬ್ಬರ ದನಿ ಕೂಡಿದರೆ ಬಿಜಾಪುರಕ್ಕೆ ಕೇಳಿಸುತ್ತದೆ. ಕೊನೆಗೆ ಮೂರ್ತಿಯವರು, ಮಳೆಗಾಲ ಶುರುವಾಗುವವರೆಗೆ ನಾಲ್ಕೂ ನಡೆಯಲಿ, ಆಮೇಲೆ ಮತ್ತೆ ಬಂದು ಕೇಳೋಣ ಎಂದರು. ಸಿಂದಗಿಯ ಮಾಸ್ತರರು ಆ ಮಧ್ಯಾಹ್ನವೆಲ್ಲ ನೀಲವ್ವನ ಪಕ್ಕ ಕೂತು ಬಾಗಿಲಲ್ಲಿ ನಿಲ್ಲುವ ವಿದ್ಯೆ ಕೇಳಿಕೊಂಡರು.

ಊಟ ಮುಗಿಸಿ ಬಸ್ ನಿಲ್ದಾಣಕ್ಕೆ ಬಂದೆವು. ಮನಗೂಳಿಯ ಮೇಲೆ ಬಿಜಾಪುರಕ್ಕೆ ಹೋಗುವ ಬಸ್ಸು ನಿಂತಿತ್ತು, ಕಂಡಕ್ಟರ್ ಚಹಾಕ್ಕೆ ಹೋಗಿದ್ದ. ಕಿಟಕಿಯಿಂದ ನೋಡಿದರೆ ಎದುರಿಗೆ ಮುದ್ದೇಬಿಹಾಳದ ಟ್ರ್ಯಾಕ್ಸ್. ಹೆಂಗಸರೆಲ್ಲ ಹತ್ತಿ ಕೂತಿದ್ದರು, ಒಳಗೆ ಇರುವೆ ನುಸುಳಲೂ ಜಾಗವಿರಲಿಲ್ಲ. ನೀಲವ್ವ ಕೆಳಗೆ ನಿಂತು, ನಾನು ಆಮೇಲಿನ ಬಸ್ಸಿಗೆ ಬರುತ್ತೇನೆ, ನೀವು ಹೋಗಿರಿ ಎನ್ನುತ್ತಿದ್ದಳು. ಒಳಗಿಂದ ಸಂಗವ್ವನ ಕೈ ಚಾಚಿ ಅವಳ ರಟ್ಟೆ ಹಿಡಿಯಿತು.

"ಏರ ಮ್ಯಾಲ! ಹೊತ್ತಾದ್ರ ಇವತ್ತ ಸಾಲಿ ಯಾರ ನಡಸಾವ್ರು, ನಿಮ್ಮಪ್ಪನೋ?"

ನೀಲವ್ವ ಹತ್ತಿ, ಯಾರದೋ ತೊಡೆಯ ಮೇಲೆ ಕೂತಳು. ಟ್ರ್ಯಾಕ್ಸ್ ಹೊರಟಿತು. ಅದು ತಿರುವಿನಲ್ಲಿ ಮರೆಯಾಗುವವರೆಗೂ ಸಂಗವ್ವ ಬೈಯುವುದು ನಮಗೆ ಕೇಳಿಸುತ್ತಿತ್ತು.